ಒದರದೆ ಹೆತ್ತವಳು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ನಮ್ಮ ಆಸ್ಪತ್ರೆಯ ಆಯಾಗಳು ಆಡಿಕೊಳ್ಳುತ್ತಾರೆ. ಖರೆ. ಹೆರಿಗೆ ಕೋಣೆಯಲ್ಲಿ ಇಪ್ಪತ್ತು ವರ್ಷ ನರ್ಸ್ ಆಗಿ ನಿಂತು, ಒದರಾಟ ಚೀರಾಟ ಕೇಳಿ ಕೇಳಿ ಸಾಕಾಗಿತ್ತು. ಅದಕ್ಕೇ ಗುಡೂರಿನ ಕಡೆಯಿಂದ ಹೆರಿಗೆಗೆ ಬಂದ, ತುಟಿ ಪಿಟಕ್ಕೆನ್ನದ ಒಬ್ಬ ಹುಡುಗಿ ನೋಡಿದ ಕೂಡಲೇ ನನಗೆ ಹಿಡಿಸಿದಳು.

ಅವಳಿಗೆ ಚೊಚ್ಚಲು. ಬೆಳಿಗ್ಗೆ ಬಂದಾಗ ಎಲ್ಲ ಸರಿಯಿತ್ತು, ಕೂಸಿನ ಎದೆಬಡಿತ ಚೆನ್ನಾಗಿ ಕೇಳಿಸಿತು. ಬೇನೆ ಬಂದಾಗೊಮ್ಮೆ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು.

"ಒದರಬ್ಯಾಡ ಅಂತ ನಮ್ಮವ್ವ ಹೇಳ್ಯಾಳ್ರಿ. ಹೊರಗ ಗಂಡಸ್ರದಾರಂತ."

"ಭಾಳ ಶ್ಯಾಣ್ಯಾಕಿ ಅದೀ ನೋಡವಾ," ಎಂದು ನಾನೂ ಬೆನ್ನು ತಟ್ಟಿದೆ.

ಮಧ್ಯಾಹ್ನ ಪಕ್ಕದ ಮಂಚಕ್ಕೆ ಇನ್ನೊಬ್ಬಳು ಬಂದಳು. ಆಕಾಶ ಭೂಮಿ ಒಂದು ಮಾಡುತ್ತಿದ್ದಳು. "ಏನವಾ, ಬಾದಾಮಿ ಮಟಾ ಕೇಳಲಿ ಅಂತ ಒದರಾಕತ್ತೀಯೇನ?" ಎಂದು ಗದರಿದೆ, ಗದರಿದರೂ ಅವಳ ಹತ್ತಿರವೇ ನಿಂತೆ. ಸೊಂಟ ತಿಕ್ಕಿದೆ, ನೀರು ಕುಡಿಸಿದೆ. ಪಾಳಿಯಲ್ಲಿದ್ದವಳು ನಾನೊಬ್ಬಳೇ. ಅರ್ಧ ಗಂಟೆಗೊಮ್ಮೆ ಪ್ರತಿಯೊಬ್ಬಳ ಹೊಟ್ಟೆಯ ಮೇಲೂ ಯಂತ್ರವಿಟ್ಟು ಕೂಸಿನ ಎದೆಬಡಿತ ಕೇಳಲೇಬೇಕು; ಹೊಸ ನರ್ಸುಗಳಿಗೆ ಅದನ್ನು ಕಲಿಸಿದವಳೇ ನಾನು. ಎರಡು ಸಲ ಗುಡೂರಿನ ಹುಡುಗಿಯತ್ತ ತಿರುಗಿ ನೋಡಿದೆ. ಕಣ್ಣು ಮುಚ್ಚಿ ಸುಮ್ಮನೆ ಮಲಗಿದ್ದಳು. ಬೇನೆ ಇನ್ನೂ ಜೋರಾಗಿಲ್ಲ ಎಂದುಕೊಂಡು ಯಂತ್ರ ಹಚ್ಚದೇ ಬಿಟ್ಟೆ.

ಒಂದೂವರೆ ಗಂಟೆ ಕಳೆದ ಮೇಲೆ ಅವಳಿಗೆ ಯಂತ್ರ ಹಚ್ಚಿದರೆ ಕೂಸಿನ ಬಡಿತ ತೀರ ನಿಧಾನ. ಡಾಕ್ಟರನ್ನು ಕೂಗಿದೆ. ಡಾಕ್ಟರು ಓಡಿ ಬಂದರು. ಕೂಸು ಆಗಲೇ ಕೆಳಗಿಳಿದಿತ್ತು, ಬೇಗನೆ ಹೊರಗೆ ಬಂತು. ಗಂಡು ಕೂಸು, ತಲೆ ತುಂಬ ಕೂದಲು. ಎಷ್ಟು ತಿಕ್ಕಿದರೂ, ಉಸಿರು ಊದಿದರೂ ಅಳಲಿಲ್ಲ. ಪಕ್ಕದವಳಿಗೆ ಸಂಜೆ ಹೆಣ್ಣು ಹುಟ್ಟಿತು. ಆ ಕೂಸನ್ನು ಒರೆಸಿ ತಾಯಿಯ ಮಡಿಲಿಗೆ ಹಾಕಿದೆ.

ಮೂರನೆಯ ದಿನ ಹುಡುಗಿ ಮನೆಗೆ ಹೊರಟಳು. ಎದೆಹಾಲು ಸೋರಿ ಕುಪ್ಪಸ ತೊಯ್ದಿತ್ತು. ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಂಡೆ.

"ದೇವರು ಕೊಟ್ಟಿದ್ದಿಲ್ಲ ಬಿಡ್ರಿ. ನೀವರ ಏನ್ ಮಾಡ್ತೀರಿ ಅಕ್ಕಾರ," ಎಂದಳು ಅವಳ ತಾಯಿ. ಆ ಮಾತಿಗೆ ಹೂಂಗುಟ್ಟಿ ಎದ್ದುಬಿಡಬಹುದಿತ್ತು. ಆದರೆ ಹುಡುಗಿ ನನ್ನನ್ನೇ ನೋಡುತ್ತಿದ್ದಳು.

"ನಾ ಒದರಿದ್ರ ನೀವು ಬರ್ತಿದ್ರೇನ್ರಿ ಅಕ್ಕಾರ?"

ಸುಳ್ಳಾಡಲು ಬಾಯಿ ಬರಲಿಲ್ಲ.

"ಬರ್ತಿದ್ದೆ ಯವ್ವಾ. ಒದರದಿದ್ರೂ ಬರಬೇಕಾಗಿತ್ತು. ತಪ್ಪು ನಂದ."

ಹುಡುಗಿ ನನ್ನ ಕೈಯಿಂದ ತನ್ನ ಕೈ ಮೆಲ್ಲಗೆ ಬಿಡಿಸಿಕೊಂಡಳು.