ಕೊನೆಯ ಎರಡು ಓವರಿನವನೂ ಗೌರವದ ಹಲಗೆಯೂ

1987ರಲ್ಲಿ ನಾನು ಓದು ನಿಲ್ಲಿಸಿದೆ. ಹತ್ತನೆಯ ಇಯತ್ತೆಯಲ್ಲಿದ್ದಾಗ ದೀಪಾವಳಿ ರಜೆಗೆಂದು ಬೆಳಗಾವಿಯ ಒಂದು ಫೌಂಡ್ರಿಗೆ ಕೆಲಸಕ್ಕೆ ಹೋದವನು ರಜೆ ಮುಗಿದ ಮೇಲೂ ಅಲ್ಲೇ ಉಳಿದೆ. ಶಾಲೆಯಿಂದ ಯಾರೂ ಕರೆಯಲು ಬರಲಿಲ್ಲ. ಆ ಶಾಲೆಯಲ್ಲಿ ಹೆಡ್‌ಮಾಸ್ತರರ ಕೋಣೆಯ ಹೊರಗೆ ಒಂದು ಕಪ್ಪು ಹಲಗೆ ಇತ್ತು. ವರ್ಷವರ್ಷವೂ ಮೊದಲ ನಂಬರು ಬಂದವರ ಹೆಸರನ್ನು ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆಸುತ್ತಿದ್ದರು. ತಡವಾಗಿ ಬಂದವರನ್ನು ನಿಲ್ಲಿಸುತ್ತಿದ್ದುದೂ ಅದರ ಕೆಳಗೇ. ಹಾಗಾಗಿ ಆ ಹೆಸರುಗಳೆಲ್ಲ ನನಗೆ ಇಂದಿಗೂ ಬಾಯಿಪಾಠ. ಅವರಲ್ಲಿ ಯಾರಿಗೂ ನನ್ನ ಹೆಸರು ಗೊತ್ತಿರಲಿಕ್ಕಿಲ್ಲ.

ಫೌಂಡ್ರಿಯಿಂದ ಮುಂಬಯಿಗೆ, ಮುಂಬಯಿಯಿಂದ ಲಂಡನ್ನಿನ ಒಂದು ಹೋಟೆಲಿನ ಅಡುಗೆಮನೆಗೆ, ಅಲ್ಲಿಂದ ಹೌನ್ಸ್ಲೋದ ಕಡೆ ವಿಮಾನ ನಿಲ್ದಾಣದ ಬದಿಯ ಗೋದಾಮಿಗೆ. ಫೋರ್ಕ್‌ಲಿಫ್ಟ್ ಓಡಿಸುತ್ತೇನೆ. ಮನೆ ಕೆಂಟನ್ನಿನಲ್ಲಿ. ಯಾರ ಶಿಫಾರಸಿನಿಂದಲೂ ಇಲ್ಲಿಗೆ ಬಂದವನಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ.

ಕೆಂಟನ್ನಿನ ಪಾರ್ಕಿನಲ್ಲಿ ನಮ್ಮ ಕನ್ನಡದವರ ಒಂದು ಕ್ರಿಕೆಟ್ ತಂಡವಿದೆ. ಭಾನುವಾರಕ್ಕೊಂದು ಪಂದ್ಯ, ನಲವತ್ತು ಓವರಿನದು. ಅಧ್ಯಕ್ಷರು, ನಾಯಕರು, ಆರಂಭದ ಬ್ಯಾಟ್ಸ್‌ಮನ್, ಮೂರೂ ಒಬ್ಬರೇ: ಸ್ಟ್ಯಾನ್ಮೋರಿನಲ್ಲಿ ಮನೆಯಿರುವ ಮೈಸೂರಿನ ಡಾಕ್ಟರು. ಅರಿವಳಿಕೆ ತಜ್ಞರು. ಅಂದರೆ ಜನರನ್ನು ಮಲಗಿಸುವುದು ಅವರ ವೃತ್ತಿ. ಬ್ಯಾಟಿಂಗಿನಲ್ಲೂ ವೃತ್ತಿ ಬಿಟ್ಟವರಲ್ಲ.

ಪಂದ್ಯ ಮಧ್ಯಾಹ್ನ ಒಂದಕ್ಕೆ ಶುರು. ನನ್ನ ಭಾನುವಾರದ ಶಿಫ್ಟ್ ಮುಗಿಯುವುದು ಎರಡೂವರೆಗೆ. ಕಾರು ಓಡಿಸಿಕೊಂಡು, ಗೋದಾಮಿನ ಬೂಟಿನಲ್ಲೇ ಮೈದಾನ ಮುಟ್ಟುವಷ್ಟರಲ್ಲಿ ಮೂರೂವರೆ. ನಾವು ಮೊದಲು ಬೌಲಿಂಗ್ ಮಾಡಿದ ದಿನ ಎರಡು ಮೂರು ಓವರ್ ಉಳಿದಿರುತ್ತಿದ್ದವು. ತಡವಾಗಿ ಬಂದವನು ಹಾಗೆ ಬಂದ ಕೂಡಲೇ ಬೌಲಿಂಗ್ ಮಾಡಬಾರದೆಂದು ನಿಯಮವಿದೆಯಂತೆ. ಭಾನುವಾರದ ಸ್ನೇಹದ ಆಟದಲ್ಲಿ ಅದನ್ನು ಯಾರೂ ಕೇಳುತ್ತಿರಲಿಲ್ಲ. ಎದುರಿನ ತಂಡದಲ್ಲೂ ಯಾರದೋ ಮನೆಯ ನಲ್ಲಿ ರಿಪೇರಿ ಮುಗಿಸಿ ಓಡಿಬರುವವನೊಬ್ಬ ಇರುತ್ತಿದ್ದ. ಡಾಕ್ಟರು ದೂರದಿಂದಲೇ ನನ್ನ ಕಾರು ನೋಡಿ ಕಡೆಯ ಎರಡು ಓವರನ್ನು ನನಗೆಂದು ಎತ್ತಿಡುತ್ತಿದ್ದರು. ನಾನು ಎರಡು ಓವರ್ ಹಾಕುತ್ತಿದ್ದೆ. ನಾವು ಗೆಲ್ಲುತ್ತಿದ್ದೆವು.

ಎರಡೇ ಓವರ್ ಯಾಕೆ ಎಂದರೆ ನಾನು ಕಲಿತದ್ದೇ ಅಷ್ಟು. ಫೌಂಡ್ರಿಯ ಅಂಗಳದಲ್ಲಿ ಊಟದ ಬಿಡುವಿನಲ್ಲಿ ಆಡಲು ಹತ್ತು ನಿಮಿಷ ಸಿಗುತ್ತಿತ್ತು. ಒಬ್ಬನ ಪಾಲಿಗೆ ಹನ್ನೆರಡು ಚೆಂಡು. ವಿಕೆಟ್ಟಿಗೆ ಒಂದು ಹಳೆಯ ಎರಕದ ಪೆಟ್ಟಿಗೆ. ಹನ್ನೆರಡು ಚೆಂಡನ್ನೂ ಆಡುವವನ ಕಾಲಿನ ಹೆಬ್ಬೆರಳಿಗೆ ಇಳಿಸುವುದನ್ನು ಕಲಿತೆ. ಹದಿಮೂರನೆಯದು ಏನು ಮಾಡಬೇಕೆಂದು ನನ್ನ ತೋಳಿಗೆ ಈಗಲೂ ಗೊತ್ತಿಲ್ಲ.

ಹೀಗೆ ಇಪ್ಪತ್ತು ವರ್ಷ ನಡೆದ ಮೇಲೆ, ಎರಡು ಚಳಿಗಾಲದ ಹಿಂದೆ, ಡಾಕ್ಟರಿಗೆ ಒಂದು ಯೋಚನೆ ಬಂತು. ನಾವು ಬಾಡಿಗೆಗೆ ಹಿಡಿದಿರುವ ಸಭಾಂಗಣದ ಹಿಂದಿನ ಕೋಣೆಯಲ್ಲಿ ಒಂದು ಗೌರವದ ಹಲಗೆ ಹಾಕಬೇಕು. ತೇಗದ ಹಲಗೆ, ಬಂಗಾರದ ಅಕ್ಷರ. ತಂಡಕ್ಕಾಗಿ ದುಡಿದವರ ಹೆಸರು. ಆ ರಾತ್ರಿ ಮನೆಗೆ ಬಂದು ಹೆಂಡತಿಗೆ ಹೇಳಿದೆ. ನನ್ನ ದನಿಯಲ್ಲಿ ಏನೋ ಆಸೆ ಕೇಳಿಸಿರಬೇಕು.

“ಹೆಸರು ನೋಡೂದಿದ್ರ ಕೌನ್ಸಿಲ್ ಟ್ಯಾಕ್ಸಿನ ಕಾಗದದಾಗ ಐತೆಲ್ರಿ,” ಎಂದಳು. “ವರ್ಷಾ ತಪ್ಪದ ಬರ್ತೈತಿ. ಫ್ರೇಮ್ ಹಾಕಸ್ಲೇನು?”

ಆದರೂ ನನಗೆ ಆ ಹಲಗೆ ಬೇಕಾಗಿತ್ತು. ಈ ವಯಸ್ಸಿನಲ್ಲಿ ಇದನ್ನು ಮುಚ್ಚಿಡುವುದರಿಂದ ಏನೂ ಬರುವುದಿಲ್ಲ. ಒಂದು ಹಲಗೆಯ ಕೆಳಗೆ ನಿಂತು ಬಂದವನಿಗೆ ಇನ್ನೊಂದರ ಮೇಲೆ ಇರುವ ಆಸೆ.

ಆಯ್ಕೆ ಹೇಗೆ? ಏಳು ಜನರ ಕಮಿಟಿ. ಅದರಲ್ಲಿ ಐವರು ಡಾಕ್ಟರು, ಇಬ್ಬರು ಲೆಕ್ಕಪತ್ರದವರು. ಇಂಥ ಏಳು ಜನ ಸೇರಿ ಒಬ್ಬ ಮನುಷ್ಯನನ್ನು ಅಳೆಯಲು ಕೂತರೆ ಏನಾಗಬೇಕೋ ಅದೇ ಆಯಿತು: ಅಂಕಪಟ್ಟಿ ತಯಾರಾಯಿತು. ಹಾಜರಿಗೆ ಇಪ್ಪತ್ತೈದು, ಹಾಕಿದ ಓವರುಗಳಿಗೆ ಇಪ್ಪತ್ತೈದು, ವಿಕೆಟ್ಟಿಗೆ ಇಪ್ಪತ್ತೈದು, ರನ್ನಿಗೆ ಇಪ್ಪತ್ತೈದು. ಅರವತ್ತು ಬಂದರೆ ಹಲಗೆ. ಹಳೆಯ ಸ್ಕೋರು ಪುಸ್ತಕಗಳು ಯಾರದೋ ಅಟ್ಟದಲ್ಲಿ ಒದ್ದೆಯಾಗಿ ಹಾಳಾಗಿದ್ದರಿಂದ, ಹಿಂದಿನ ಒಂದೇ ಸೀಸನ್ ಲೆಕ್ಕಕ್ಕೆ. ಹಾಜರಿ ಬರೆಯುತ್ತಿದ್ದುದು ಪಂದ್ಯಕ್ಕೆ ಮುಂಚೆ, ಡಾಕ್ಟರ ಹೆಂಡತಿ ಪುಳಿಯೋಗರೆಯ ಡಬ್ಬಿ ತೆರೆಯುವ ಹೊತ್ತಿಗೆ. ಆ ಹೊತ್ತಿಗೆ ಪುಳಿಯೋಗರೆ ತಿನ್ನುತ್ತಿದ್ದವರೆಲ್ಲ ತಂಡಕ್ಕಾಗಿ ದುಡಿದವರು. ನಾನು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದೆ.

ವಿಕೆಟ್ಟಿನಲ್ಲಿ ನನಗೆ ಇಪ್ಪತ್ತೈದಕ್ಕೆ ಇಪ್ಪತ್ತೈದು. ಓವರಿಗೆ ಆರು, ಹಾಜರಿಗೆ ಐದು, ರನ್ನಿಗೆ ಎರಡು. ಒಟ್ಟು ಮೂವತ್ತೆಂಟು. ನಾನು ಬಿಟ್ಟ ಶಾಲೆಯಲ್ಲಾದರೂ ಮೂವತ್ತೈದಕ್ಕೆ ಪಾಸು ಮಾಡುತ್ತಿದ್ದರು.

ಎಂಟು ಜನ ಆಯ್ಕೆಯಾದರು. ಕಮಿಟಿಯ ಏಳೂ ಜನ, ಎಂಟನೆಯವರು ಡಾಕ್ಟರ ಷಡ್ಡಕ.

ನನ್ನ ಮಗಳಿಗೆ ಇದನ್ನು ಕೇಳಿ ನಗು ಬರಲಿಲ್ಲ. ಓದಲೆಂದು ಒಂದು ವರ್ಷ ಅಮೆರಿಕಕ್ಕೆ ಹೋಗಿದ್ದವಳು ಅಲ್ಲಿಂದ ಡಿಗ್ರಿಯ ಜೊತೆಗೆ ಬೇಸ್‌ಬಾಲಿನ ಹುಚ್ಚನ್ನೂ ತಂದಿದ್ದಾಳೆ. “ಅಪ್ಪಾ, ಯು ಆರ್ ಎ ರಿಲೀಫ್ ಪಿಚರ್!” ಎಂದಳು. ಆ ಆಟದಲ್ಲಿ ಚೆಂಡು ಎಸೆಯುವವನು ದಣಿದಾಗ ಬದಲಿಗೆ ಬರುವವನೊಬ್ಬ ಇರುತ್ತಾನಂತೆ. ಅಂಥವರಲ್ಲಿ ಕೆಲವರು ಕಟ್ಟಕಡೆಗೆ ಮಾತ್ರ ಬಂದು, ಹದಿನೈದು ಇಪ್ಪತ್ತು ಚೆಂಡು ಎಸೆದು, ಆಟ ಮುಗಿಸಿ ಹೋಗುತ್ತಾರೆ. ಅಲ್ಲಿಯೂ ದೊಡ್ಡದೊಂದು ಗೌರವದ ಮನೆಯಿದೆ, ಹಾಲ್ ಆಫ್ ಫೇಮ್. ಇಂಥವನನ್ನು ಅದರೊಳಗೆ ಬಿಡಬೇಕೋ ಬೇಡವೋ ಎಂದು ವರ್ಷವರ್ಷವೂ ಜಗಳವಂತೆ. ಬೇಡ ಎನ್ನುವವರು ಹೇಳುವುದು, ಉಳಿದವರು ದಿನವಿಡೀ ಬೆವರು ಸುರಿಸಿದರು, ಇವನದು ಹತ್ತು ನಿಮಿಷ. ಬೇಕು ಎನ್ನುವವರು ಹೇಳುವುದು, ಆ ಹತ್ತು ನಿಮಿಷ ನೀನು ನಿಂತು ತೋರಿಸು.

“ಒಳಗ ಬಿಟ್ಟಾರೇನು ಯಾರನರ?”

“ಫ್ಯೂ. ವೆರಿ ಫ್ಯೂ. ಆದ್ರೆ ಅಲ್ಲಿ ವೋಟ್ ಹಾಕ್ತಾರೆ ಅಪ್ಪಾ. ಅಟೆಂಡೆನ್ಸ್ ಯಾರೂ ಕೇಳಲ್ಲ!”

ಅಂಥವನೊಬ್ಬನ ಆಟವನ್ನು ಅವಳ ಫೋನಿನಲ್ಲಿ ನೋಡಿದೆ. ಬೇಲಿಯ ಬಾಗಿಲು ತೆರೆದು ಅವನು ಓಡುತ್ತ ಬಂದಾಗ ಸಾವಿರಾರು ಜನ ಎದ್ದು ನಿಂತರು. ನಾನು ಓಡುತ್ತ ಬಂದಾಗ ನಮ್ಮವರು, “ಬಂದ್ರಾ? ಕಾರು ನೋ ಪಾರ್ಕಿಂಗಲ್ಲಿ ಬಿಟ್ಟಿಲ್ಲ ತಾನೇ?” ಎನ್ನುತ್ತಿದ್ದರು.

ಇನ್ನೊಂದು ವಾರಕ್ಕೆ ಡಾಕ್ಟರ ಫೋನು. ಮನಸ್ಸು ಬದಲಾಯಿತೇನೋ ಎಂದುಕೊಂಡೆ. “ನಿಮ್ಮ ಹತ್ರ ಡ್ರಿಲ್ ಮಷೀನ್ ಇದೆ ಅಲ್ವಾ? ಹಲಗೆ ಹೊಡೀಬೇಕಿತ್ತು ಕಣ್ರೀ.” ಎಂಟು ಜನ ಗೌರವಾನ್ವಿತರಲ್ಲಿ ಗೋಡೆಗೆ ತೂತು ಹಾಕಬಲ್ಲವನು ಒಬ್ಬನೂ ಇರಲಿಲ್ಲ. ಹೋದೆ. ಹಲಗೆಯನ್ನು ಓರೆಯಾಗಿ ನೇತುಹಾಕುವವರ ಕೈಗೆ ಬಿಡಲು ಮನಸ್ಸಾಗಲಿಲ್ಲ. ಡಾಕ್ಟರು ಕೆಳಗೆ ಸ್ಟೂಲು ಹಿಡಿದುಕೊಂಡರು. ಮೇಲೆ ನಿಂತವನು ಕೇಳಿಯೇಬಿಟ್ಟೆ:

“ಡಾಕ್ಟರ್ ಸಾಹೇಬ್ರ, ಆಪರೇಷನ್ ಮಾಡಾಂವ ಬ್ಯಾರೆ. ನೀವು ಮದಲ ಮಲಗಸ್ತೀರಿ, ಕಡೀಗೆ ಎಬಸ್ತೀರಿ. ಹಂಗಾರ ನೀವೂ ಅರ್ಧಾ ಡಾಕ್ಟರೇನ್ರಿ?”

ಅವರು ಸಿಟ್ಟಾಗಲಿಲ್ಲ. “ನಾನು ಇಡೀ ಆಪರೇಷನ್ ಪೇಷೆಂಟ್ ತಲೆ ಹತ್ರಾನೇ ಕೂತಿರ್ತೀನಿ ಕಣ್ರೀ. ಮೂರೂವರೆಗೆ ಬರಲ್ಲ.”

ಮಾತು ಸರಿಯಾಗಿಯೇ ಇತ್ತು. ಆರನೆಯ ಸ್ಕ್ರೂ ಬಿಗಿದು ಇಳಿದೆ. ಎಂಟು ಹೆಸರಿನ ಕೆಳಗೆ ಬೇಕಾದಷ್ಟು ಜಾಗ ಖಾಲಿಯಿತ್ತು. ಅಲ್ಲಿಂದ ಮನೆಗೆ ಬರುವ ದಾರಿಯಲ್ಲಿ ತೀರ್ಮಾನಿಸಿದೆ: ಇವರಿಗೆ ಬೇಕಾದ್ದು ಅಂಕವಾದರೆ ಅಂಕವನ್ನೇ ಕೊಡೋಣ.

ಭಾನುವಾರದ ಶಿಫ್ಟನ್ನು ಇಡೀ ಬೇಸಿಗೆಗೆ ಬದಲಿಸಿಕೊಂಡೆ. ಹೆಂಡತಿ ಸುಮ್ಮನಿರಲಿಲ್ಲ. “ನನ್ನ ತಮ್ಮನ ಮದವಿಗೆ ಮೂರು ದಿನದ ರಜಾ ಸಿಗಲಿಲ್ಲ. ಈಗ ಪುಳಿಯೋಗರೆಗೆ ಇಡೀ ಬ್ಯಾಸಗಿ ಸಿಕ್ತು!” ಅದು ನಿಜ.

ಮೊದಲ ಭಾನುವಾರ ಹನ್ನೆರಡೂಕಾಲಿಗೇ ಮೈದಾನದಲ್ಲಿದ್ದೆ. ಬಟ್ಟೆಗೆ ಇಸ್ತ್ರಿಯೂ ಆಗಿತ್ತು. ಪುಳಿಯೋಗರೆ ಎರಡು ಸಲ ಹಾಕಿಸಿಕೊಂಡೆ, ಹಾಜರಿ ಬರೆಸಿದೆ, ಹೊಸ ಚೆಂಡು ಕೇಳಿ ಪಡೆದೆ. ಒಬ್ಬನಿಗೆ ಎಂಟು ಓವರಿನ ಮಿತಿ. ಎಂಟನ್ನೂ ಮೊದಲೇ ಹಾಕಿ ಮುಗಿಸಿದೆ. ಹೆಬ್ಬೆರಳಿಗೆ ಎರಡು ಓವರ್, ಆಮೇಲಿನದು ಎಲ್ಲಿಗೆ ಬಿತ್ತೋ ಅಲ್ಲಿಗೆ. ಹೊಡೆತವೂ ಬೀಳಲಿಲ್ಲ, ವಿಕೆಟ್ಟೂ ಬೀಳಲಿಲ್ಲ. “ಡಿಸಿಪ್ಲಿನ್ ಬಂದಿದೆ,” ಎಂದರು ಡಾಕ್ಟರು. ಭಾನುವಾರದ ಮೇಲೆ ಭಾನುವಾರ ಹೀಗೇ ಹೋಯಿತು. ನಾನು ಬೌಂಡರಿಯ ಪೊದೆಯ ಬಳಿ ನಿಂತು ನಮ್ಮವರು ಕೊನೆಯ ಓವರಿನಲ್ಲಿ ಸೋಲುವುದನ್ನು ನೋಡುವುದು ಕಲಿತೆ.

ಜುಲೈಯಲ್ಲಿ ಒಂದು ಪಂದ್ಯ. ಎದುರಿನವರಿಗೆ ಕೊನೆಯ ಓವರಿಗೆ ಹನ್ನೊಂದು ಬೇಕು, ಕೈಯಲ್ಲಿ ಒಂದೇ ವಿಕೆಟ್. ನಾನು ಇಪ್ಪತ್ತು ವರ್ಷ ಕಾದು ತಿಂದ ಊಟ ಅದು. ಡಾಕ್ಟರು ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತ ಸುತ್ತಲೂ ನೋಡಿದರು. ಎಲ್ಲರೂ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದರು. ಕಡೆಗೆ ದೂರದಿಂದ ನನ್ನನ್ನು ಕೂಗಿದರು.

“ನಿಮ್ಮದು ಎಂಟೂ ಆಗೋಯ್ತಾ?”

“ಆತ್ರೀ! ಇಪ್ಪತ್ತೈದಕ್ಕ ಇಪ್ಪತ್ತೈದು!”

ಯಾರೋ ಕಿಸಕ್ಕೆಂದು ನಕ್ಕರು. ಡಾಕ್ಟರು ತಾವೇ ಚೆಂಡು ಹಾಕಿದರು. ಎರಡು ವೈಡು, ಎರಡು ಸಿಕ್ಸರು; ಎರಡನೆಯದು ನನ್ನ ತಲೆಯ ಮೇಲಿಂದಲೇ ಪೊದೆಯೊಳಕ್ಕೆ ಹೋಯಿತು. ಚೆಂಡು ಹುಡುಕಿ ತಂದವನು ನಾನೇ. ಆಗ ನಗು ಬರಬೇಕಿತ್ತು. ಬರಲಿಲ್ಲ. ಅದು ನನ್ನ ಓವರು. ಅದನ್ನು ಒಂದು ಅಂಕಕ್ಕೆ ಮಾರಿದ್ದೆ.

ಆ ಚಳಿಗಾಲದ ಸಭೆಯಲ್ಲಿ ನನ್ನ ಅಂಕಪಟ್ಟಿ ಓದಿದರು. ಹಾಜರಿ ಇಪ್ಪತ್ತೈದು, ಓವರು ಇಪ್ಪತ್ತೈದು, ವಿಕೆಟ್ ಎಂಟು, ಮೊದಲಿನಿಂದ ಇದ್ದುದರಿಂದ ಬ್ಯಾಟು ಬೀಸಲು ಸಿಕ್ಕಿ ಬಂದ ರನ್ನಿಗೆ ಆರು. ಅರವತ್ತನಾಲ್ಕು. ಪಾಸು. ಡಾಕ್ಟರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಮನಸಾರೆ. “ಒಂದೇ ವರ್ಷದಲ್ಲಿ ಏನ್ ಇಂಪ್ರೂವ್‌ಮೆಂಟು! ಎಲ್ಲರಿಗೂ ಇದೊಂದು ಮಾದರಿ.”

“ಸಾಹೇಬ್ರ, ಹೆಸರಿನ ಮುಂದ ‘ಕೊನೆಯ ಎರಡು ಓವರ್’ ಅಂತ ಬರಸ್ರಿ,” ಎಂದೆ.

“ಕಾಲಂ ಇಲ್ಲ ಕಣ್ರೀ. ಬ್ಯಾಟ್ಸ್‌ಮನ್, ಬೌಲರ್, ಆಲ್‌ರೌಂಡರ್, ಅಷ್ಟೇ. ಬೌಲರ್ ಅಂತ ಹಾಕ್ತೀವಿ.”

“ಈ ವರ್ಷ ಎಷ್ಟು ಮ್ಯಾಚ್ ಗೆದ್ದೇವ್ರಿ?”

ಅವರು ಕಾಗದ ತಿರುವಿದರು. “ಮೂರು.”

“ಹೋದ ವರ್ಷ?”

“ಹನ್ನೊಂದು.” ಹೇಳಿದ ಮೇಲೆ ಅವರು ಕಾಗದದಿಂದ ಕಣ್ಣೆತ್ತಲಿಲ್ಲ.

“ಹನ್ನೊಂದು ಗೆದ್ದಾಂವ ಫೇಲು, ಮೂರು ಗೆದ್ದಾಂವ ಪಾಸು. ಈ ಪಾಸಾದಾಂವ ಯಾರೋ ನನಗ ಗೊತ್ತಿಲ್ರಿ. ಅವನ ಹೆಸರು ಬರಸಬ್ಯಾಡ್ರಿ.”

ಷಡ್ಡಕರು ಕೆಮ್ಮಿದರು. ಸಭೆ ಚಹಾಕ್ಕೆ ಎದ್ದಿತು. ಮನೆಯಲ್ಲಿ ವಿಷಯ ಹೇಳಿದಾಗ ಹೆಂಡತಿ ಈ ಸಲ ತಮಾಷೆ ಮಾಡಲಿಲ್ಲ, “ಬರಸ್ಕೋಬೇಕಿತ್ತು. ಆಸೆ ಇತ್ತು ನಿಮಗ,” ಎಂದಳು. ಇತ್ತು. ಈಗಲೂ ಇದೆ. ಆ ಕೋಣೆಗೆ ಹೋದಾಗಲೆಲ್ಲ ಎಂಟನೆಯ ಹೆಸರಿನ ಕೆಳಗಿನ ಖಾಲಿ ಜಾಗದ ಮೇಲೇ ಕಣ್ಣು ಹೋಗುತ್ತದೆ.

ಈ ಬೇಸಿಗೆಯಲ್ಲಿ ಮತ್ತೆ ಭಾನುವಾರದ ಶಿಫ್ಟಿಗೆ ಬಂದಿದ್ದೇನೆ. ಮೊದಲ ಪಂದ್ಯದ ದಿನ ಮೂರೂವರೆಗೆ ಮೈದಾನ ಮುಟ್ಟಿದಾಗ ಡಾಕ್ಟರು ಪಾರ್ಕಿಂಗಿನ ಮಾತು ಎತ್ತಲಿಲ್ಲ. ಪಿಚ್ಚಿನ ನಡುವಿನಿಂದ ನಡೆದುಕೊಂಡು ಬೌಂಡರಿಯವರೆಗೆ ಬಂದು ಚೆಂಡನ್ನು ಕೈಗಿಟ್ಟರು. ಅಂಕಪಟ್ಟಿಯಲ್ಲಿ ಅದಕ್ಕೂ ಕಾಲಂ ಇಲ್ಲ.

ಈಗ ನನ್ನ ಹತ್ತಿರ ಇರುವುದು: ಭಾನುವಾರಕ್ಕೆ ಎರಡು ಓವರ್, ಕಿವಿಯಿಂದ ಮೇಲೆ ನೋವಿಲ್ಲದೆ ಏರದ ಒಂದು ಬಲದೋಳು, ಒಂದು ಡ್ರಿಲ್ ಮಷೀನು, ಆ ಹಲಗೆಯಲ್ಲಿ ನಾನೇ ಬಿಗಿದ ಆರು ಸ್ಕ್ರೂ.