ಮೂರನೇ ಮಾಳಿಗೆಯ ಬೋಣಿ

ಹಂಚಿನ ಮನೆ ಕೆಡವಿದ ಜಾಗದಲ್ಲೇ ನಾನು ಈಗಲೂ ಇದ್ದೇನೆ, ಆದರೆ ನೆಲದಿಂದ ಮೂರು ಮಾಳಿಗೆ ಮೇಲೆ. ಉಡುಪಿಯ ಬನ್ನಂಜೆಯಲ್ಲಿ ಇಂಥ ಕಥೆ ಓಣಿಗೊಂದು ಸಿಗುತ್ತದೆ. ಜಾಗ ನಮ್ಮದು, ಕಟ್ಟುವ ಖರ್ಚು ಬಿಲ್ಡರನದು, ಕಟ್ಟಿ ಮುಗಿದ ಮೇಲೆ ನಮಗೊಂದು ಪಾಲು. ಒಪ್ಪಿದವಳು ನಾನೇ. ಹಂಚಿನ ಮಾಡು ಸೋರುತ್ತಿತ್ತು, ಅದರ ಮರದ ಪಕ್ಕಾಸಿಗೆ ಗೆದ್ದಲು ಹಿಡಿದಿತ್ತು, ಏಣಿ ಹತ್ತುವ ಮೊಣಕಾಲು ಗಂಡನಿಗೆ ಉಳಿದಿರಲಿಲ್ಲ. ಹಾಗಾಗಿ ಹಳೆ ಮನೆಗೆ ಕಣ್ಣೀರು ಹಾಕುವವರ ಸಾಲಿನಲ್ಲಿ ನನ್ನನ್ನು ನಿಲ್ಲಿಸಬೇಡಿ. ನಾನು ಬಿಟ್ಟುಕೊಟ್ಟದ್ದು ಜಾಗವನ್ನು, ಬಾಗಿಲಿಗೆ ಬರುವ ಮೀನನ್ನಲ್ಲ.

ಮೀನು ತರುವ ಅಕ್ಕ ಬರುವುದು ಮಲ್ಪೆಯಿಂದ. ನಾನು ಮದುವೆಯಾಗಿ ಬಂದ ಕಾಲದಿಂದಲೂ ಬಸ್ಸಿಳಿದು ಅವಳು ಮೊದಲು ನುಗ್ಗುತ್ತಿದ್ದದ್ದು ನಮ್ಮ ಅಂಗಳಕ್ಕೆ. ದಿನದ ಮೊದಲ ವ್ಯಾಪಾರ, ಅಂದರೆ ಬೋಣಿ, ನನ್ನ ಕೈಯಿಂದಲೇ ಆಗಬೇಕು. ನನ್ನ ಕೈಗುಣದ ಮೇಲೆ ಅವಳಿಗೆ ಅಷ್ಟು ನಂಬಿಕೆ. ನಾನು ಜ್ವರದಲ್ಲಿ ಮಲಗಿದ್ದಾಗಲೂ ಕಿಟಕಿಯ ಹತ್ತಿರ ಬುಟ್ಟಿ ತಂದು, "ತೆಗೆದುಕೊಳ್ಳುವುದು ಬೇಡ, ಒಂದು ಸಲ ಮುಟ್ಟಿ ಬಾಯಮ್ಮ" ಎಂದವಳು. ಕೊಂಕಣಿ ಮಾತಾಡುವ ನಮ್ಮಂಥ ಕ್ರಿಶ್ಚಿಯನ್ ಹೆಂಗಸರೆಲ್ಲ ಅವಳಿಗೆ ಬಾಯಮ್ಮಂದಿರೇ. ಚೌಕಾಸಿ ಮಾಡುವಾಗ ಮಾತ್ರ ನಾನು ಯಾವ ಅಮ್ಮನೂ ಅಲ್ಲ, ಶುದ್ಧ ಜಿಪುಣಿ.

ಕಟ್ಟಡ ಏಳುವವರೆಗೆ ಪರ್ಕಳದಲ್ಲಿ ಬಾಡಿಗೆಗಿದ್ದೆವು. ನಮ್ಮ ತಲೆಯ ಮೇಲೆ ಮಣಿಪುರದ ವಿದ್ಯಾರ್ಥಿನಿಯರು, ಹಿಂದಿನ ಕೋಣೆಗಳಲ್ಲಿ ಬಾಗಲಕೋಟೆ ಕಡೆಯ ಗಾರೆ ಕೆಲಸದವರು. ಅವರ ರೊಟ್ಟಿ ತಟ್ಟುವ ಸದ್ದಿಗೆ ನನಗೆ ಬೆಳಗಾಗುತ್ತಿತ್ತು. ಮನೆಯ ಧಣಿಗಳು ನಮಗೂ ಅವರಿಗೂ ಒಂದೇ ಮುಖ ತೋರಿಸುತ್ತಿದ್ದರು: ಜೋರಾಗಿ ಮಾತಾಡಬೇಡಿ, ಅಲ್ಲಿ ಬಟ್ಟೆ ಹಾಕಬೇಡಿ, ಇಲ್ಲಿ ಚಪ್ಪಲಿ ಬಿಡಬೇಡಿ. ಹುಟ್ಟಿದ ತಾಲೂಕಿನಲ್ಲೇ ಹೊರಗಿನವಳಾಗಿ ಬದುಕುವುದನ್ನು ನಾನು ಅಲ್ಲಿ ಕಲಿತೆ. ಹಳೆ ಮನೆಯಿಂದ ನಾನು ಹಟ ಹಿಡಿದು ತಂದಿದ್ದ ವಸ್ತು ಒಂದೇ, ಬಾವಿಯ ಕಬ್ಬಿಣದ ರಾಟೆ. ಬಾವಿಗೆ ಮಣ್ಣು ತುಂಬಿಸುವ ಮೊದಲು ನಿಂತು ಬಿಚ್ಚಿಸಿದ್ದೆ. "ಇದು ಎಂತಕ್ಕೆ ನಿನಗೆ?" ಎಂದು ಗಂಡ ಕೇಳಿದ್ದ.

ಉತ್ತರ ಸಿಕ್ಕಿದ್ದು ಬನ್ನಂಜೆಗೆ ಮರಳಿದ ಮೇಲೆ. ಅಕ್ಕ ಬುಟ್ಟಿ ಹೊತ್ತು ಬಂದಳು. ಗೇಟಿನಲ್ಲಿ ಅಸ್ಸಾಮಿನ ವಾಚ್‌ಮನ್ ತಡೆದ. ಮೀನು ಮಾರುವವರನ್ನು ಒಳಗೆ ಬಿಡಬಾರದು ಎಂದು ಅಸೋಸಿಯೇಶನ್‌ನ ಕಾರ್ಯದರ್ಶಿ ಹೇಳಿದ್ದರಂತೆ. ಮೀನಿನ ನೀರು ಟೈಲ್ಸಿಗೆ ಬೀಳುತ್ತದೆ, ಲಿಫ್ಟು ವಾಸನೆ ಹೊಡೆಯುತ್ತದೆ. ಈ ಕಾರ್ಯದರ್ಶಿ ಮುಂಬೈಯಲ್ಲಿದ್ದು ನಿವೃತ್ತರಾಗಿ ಬಂದವರು, ಅಪ್ಪಟ ಉಡುಪಿಯವರು, ಮೀನಿಲ್ಲದೆ ಅನ್ನ ಮುಟ್ಟದವರು. ಆದರೆ ಅವರ ಮೀನು ಎಸಿ ಅಂಗಡಿಯಲ್ಲಿ ತುಂಡಾಗಿ, ಡಬ್ಬಿ ಸೇರಿ, ಕಾರಿನ ಡಿಕ್ಕಿಯಲ್ಲಿ ಬರುತ್ತದೆ. ಅದಕ್ಕೆ ವಾಸನೆ ಇಲ್ಲ!

ನಾನು ಕೆಳಗೆ ಇಳಿದು ಬಂದಾಗ ಅಕ್ಕ ಬುಟ್ಟಿಯನ್ನು ರಸ್ತೆಯ ಬದಿಯಲ್ಲಿಟ್ಟು ನಿಂತಿದ್ದಳು.

"ಎಲ್ಲಾ ಕಡೆ ಗೇಟು ಬಾಯಮ್ಮ. ಆಚೆ ಓಣಿ ಹೋಯಿತು, ದೇವಸ್ಥಾನದ ಹಿಂದಿನದ್ದೂ ಹೋಯಿತು. ಇನ್ನು ಇಲ್ಲಿಯೂ ಬೋಣಿ ಇಲ್ಲ ಅಂದ್ರೆ ನಾನು ಈ ದಾರಿ ಬಿಡ್ತೇನೆ."

ನನಗೆ ಪಿತ್ತ ನೆತ್ತಿಗೇರಿತು. "ನಾಳೆ ಬಾ. ಗೇಟಿನ ಒಳಗೆ ಬರಬೇಡ, ರಸ್ತೆಯಲ್ಲೇ ನಿಂತು ಕೂಗು" ಎಂದೆ.

ಅದೇ ಸಂಜೆ ಬಾಲ್ಕನಿಯ ಮೇಲಿನ ಕೊಕ್ಕೆಗೆ ರಾಟೆ ಏರಿತು. ನಮ್ಮ ಬಾಲ್ಕನಿ ನೇರ ರಸ್ತೆಯ ಮೇಲೆಯೇ ಚಾಚಿಕೊಂಡಿರುವುದು ಬಿಲ್ಡರನ ದುರಾಸೆ, ನನ್ನ ಅದೃಷ್ಟ. ಮರುದಿನ ಅಕ್ಕ ಕೂಗಿದಳು, ನಾನು ಬಕೆಟ್ ಇಳಿಸಿದೆ. ಮೂರನೇ ಮಾಳಿಗೆಯಿಂದ ಚೌಕಾಸಿ ಮಾಡುವುದೆಂದರೆ ಇಡೀ ಓಣಿಗೆ ನನ್ನ ಜಿಪುಣತನದ ಡಂಗುರ ಸಾರಿದಂತೆ. ಇರಲಿ. ಎಷ್ಟೋ ವರ್ಷ ನೀರು ಸೇದಿದ ಕೈಯಲ್ಲಿ ಅವತ್ತು ಬೂತಾಯಿ ಮೀನು ಸೇದಿದೆ. ರಾಟೆ ಹಳೆಯ ಹಾಗೆಯೇ ಕಿರುಗುಟ್ಟಿತು, ಗಂಡ ಒಳಗಿನಿಂದ ನಗುತ್ತಾ ಬಂದು ಹಗ್ಗಕ್ಕೆ ಕೈ ಕೊಟ್ಟ.

ವಾರ ಕಳೆಯುವುದರೊಳಗೆ ಟೆರೇಸಿನಲ್ಲಿ ಮೀಟಿಂಗು. ಕಾರ್ಯದರ್ಶಿ ಎದ್ದು ನಿಂತು, "ಮೇಡಂ, ಬಿಲ್ಡಿಂಗಿನ ಅಂದ ಹಾಳಾಗ್ತದೆ. ಇಲ್ಲಿ ಹೊರಗಿನಿಂದ ಬಂದವರು ಎಷ್ಟೋ ಜನ ಇದ್ದಾರೆ. ಅವರು ನಮ್ಮ ಬಗ್ಗೆ ಎಂತ ಗ್ರಹಿಸಬೇಕು?" ಎಂದರು.

"ಹೊರಗಿನವರು ನಿಮ್ಮ ಹತ್ತಿರ ಬಂದು ಹೇಳಿದ್ರಾ?" ಎಂದು ಕೇಳಿದೆ. "ಈ ಊರಿನ ಮೀನು, ಈ ಊರಿನ ಹೆಂಗಸು. ನಾಚಿಕೆ ಆಗುವುದು ಊರಿನವರಾದ ನಿಮಗೆ, ಹೆಸರು ಮಾತ್ರ ಅವರದ್ದು. ನಿಮ್ಮ ಕಾರು ದಿನಾ ನಿಲ್ಲುವುದು ನನ್ನ ಬಾವಿಯ ಮೇಲೆ. ಅದಕ್ಕೆ ನಾನು ಯಾವತ್ತಾದರೂ ಮಾತು ತೆಗೆದದ್ದುಂಟಾ?"

ನನ್ನ ಪಕ್ಕದಲ್ಲಿ ಎರಡನೇ ಮಾಳಿಗೆಯ ಬಂಗಾಳಿ ಹೆಂಗಸು ಕುಳಿತಿದ್ದಳು. ಅವಳ ಗಂಡನಿಗೆ ಮಣಿಪಾಲದಲ್ಲಿ ಕೆಲಸ, ಅವಳಿಗೆ ಇಲ್ಲಿ ಮಾತಾಡಲು ಜನವಿಲ್ಲ. ಅವಳಿಗೆ ಬರುತ್ತಿದ್ದ ಕನ್ನಡ ಎರಡೇ ಶಬ್ದ, ಬೇಕು ಮತ್ತು ಬೇಡ. ಇದೇನು ಜಗಳ ಎಂದು ಅವಳು ಕೇಳಿದಾಗ ನನ್ನ ಹರಕು ಹಿಂದಿಯಲ್ಲಿ ವಿವರಿಸಿದೆ. ಮೀನು ಎಂಬಲ್ಲಿ ಅವಳ ಹುಬ್ಬು ಮೇಲೇರಿತು. ಮರುದಿನ ವೆಲ್ಡರ್ ಬಂದು ಕೊಕ್ಕೆ ಕತ್ತರಿಸುವುದೆಂದು ತೀರ್ಮಾನವಾಯಿತು.

ಬೆಳಿಗ್ಗೆ ಎಂದಿನಂತೆ "ಬಾಯಮ್ಮಾ" ಎಂಬ ಕೂಗು ಕೇಳಿತು. ವೆಲ್ಡರ್ ಬರುವ ಮೊದಲು ಕೊನೆಯ ಬೋಣಿಯಾದರೂ ಆಗಲಿ ಎಂದು ಬಕೆಟ್ ಹಿಡಿದು ಬಾಲ್ಕನಿಗೆ ಬಂದೆ. ಹಗ್ಗ ಬಿಚ್ಚುತ್ತಿದ್ದಂತೆ ಕೆಳಗಿನ ಬಾಲ್ಕನಿಯಿಂದ ಬಟ್ಟೆ ಒಣಗಿಸುವ ನೈಲಾನ್ ಹಗ್ಗ ಇಳಿಯಿತು. ಅದರ ತುದಿಯಲ್ಲಿ ಒಂದು ಬಟ್ಟೆಯ ಚೀಲ. ಅದು ತೂಗಾಡುತ್ತಾ ಇಳಿದು ಅಕ್ಕನ ಬುಟ್ಟಿಯ ಮೇಲೆಯೇ ಕುಳಿತಿತು.

"ಬಂಗುಡೆ! ಬಂಗುಡೆ ಬೇಕು!" ಎಂದು ಬಂಗಾಳಿ ಹೆಂಗಸು ಕೂಗಿದಳು. ಅವಳ ಮೂರನೇ ಶಬ್ದ.

ಅಕ್ಕ ಚೀಲ ಮುಟ್ಟಲಿಲ್ಲ. ತಲೆಯೆತ್ತಿ ನನ್ನನ್ನೇ ನೋಡಿದಳು. "ಬಾಯಮ್ಮ, ಬೋಣಿ ಯಾರದ್ದು?"

ಮನೆ ಕೊಟ್ಟಾಗ, ಬಾವಿ ಮುಚ್ಚಿದಾಗ ಆಗದ ಸಂಕಟ ಈಗ ಆಯಿತು. ಆದರೂ ಬಕೆಟನ್ನು ಮೇಲೆಯೇ ಹಿಡಿದುಕೊಂಡೆ.

"ಮೊದಲು ಇಳಿದದ್ದು ಅವರ ಚೀಲ. ಅವರಿಗೆ ಕೊಡು" ಎಂದೆ.

ವೆಲ್ಡರ್ ಬಂದ. ಕಾರ್ಯದರ್ಶಿಯೂ ಹಿಂದೆಯೇ ಬಂದರು. ನಾನು ಬಾಗಿಲು ಪೂರಾ ತೆರೆದು, "ಕತ್ತರಿಸಿ, ಆದರೆ ಎರಡನೇ ಮಾಳಿಗೆಯಿಂದ ಶುರು ಮಾಡಿ, ಅಲ್ಲಿ ಬಟ್ಟೆ ಹಗ್ಗದಲ್ಲೇ ಮೀನು ಏರಿದೆ. ಬಟ್ಟೆ ಹಗ್ಗ ಎಷ್ಟು ಮನೆಯಲ್ಲಿ ಉಂಟೋ ಅಷ್ಟನ್ನೂ ಕತ್ತರಿಸಿ" ಎಂದೆ. ಕಾರ್ಯದರ್ಶಿ ಬಾಲ್ಕನಿಯಿಂದ ಕೆಳಗೆ ಇಣುಕಿದರು. ಬುಟ್ಟಿಯಲ್ಲಿ ಬಂಗುಡೆ ಇನ್ನೂ ಹೊಳೆಯುತ್ತಿತ್ತು, ಎಸಿ ಅಂಗಡಿಯಲ್ಲಿ ಅಂಥ ತಾಜಾ ಮೀನು ಅವರು ಕಂಡಿರಲಿಕ್ಕಿಲ್ಲ. ಕೊಕ್ಕೆ ಮುಟ್ಟದೆ ವೆಲ್ಡರನನ್ನು ಕರೆದುಕೊಂಡು ಹೋದರು.

ಅಕ್ಕ ದಾರಿ ಬಿಡಲಿಲ್ಲ. ಈಗ ರಸ್ತೆಯಲ್ಲಿ ನಿಂತು ಅವಳು ಮೊದಲು ಕೂಗುವುದು "ದೀದೀ" ಎಂದು, ಆಮೇಲೆ "ಬಾಯಮ್ಮಾ" ಎಂದು. ಅವತ್ತು ವ್ಯಾಪಾರ ಭರ್ಜರಿಯಾಯಿತಂತೆ, ಕೈಗುಣ ಎರಡನೇ ಮಾಳಿಗೆಗೆ ದಾಟಿದೆಯಂತೆ. ನನಗೆ ಹೊಟ್ಟೆಕಿಚ್ಚಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಎರಡನೆಯದಾಗಿಯೇ ನನ್ನ ಬಕೆಟ್ ಇಳಿಯುತ್ತದೆ. ಈ ಕಟ್ಟಡವನ್ನೂ ಯಾರಾದರೂ ಕೆಡವುವವರೆಗೆ ಇಳಿಯುತ್ತಲೇ ಇರುತ್ತದೆ. ರಾಟೆಯನ್ನು ಬಿಚ್ಚಿಸಿ ಜೊತೆಗೆ ಒಯ್ಯುವುದು ನನಗೆ ಮೊದಲೇ ಗೊತ್ತು.