ಬೇಡದ ಪಾಸಿಗೆ ಕೊಟ್ಟ ಅರ್ಜಿ

ದಾಂಡೇಲಿಯಲ್ಲಿ ಕಾರ್ಖಾನೆಯೊಂದರ ಗೇಟಿನಲ್ಲಿ ನಿಂತು ವರ್ಷಗಟ್ಟಲೆ ಜನರ ಚೀಲ ತಪಾಸಣೆ ಮಾಡಿದವನು ನಾನು. ನಾನು ನಿವೃತ್ತನಾದರೂ ನನ್ನ ಕಣ್ಣು ನಿವೃತ್ತವಾಗಲಿಲ್ಲ. ಹಾಲಿನವನು ಹಬ್ಬದ ದಿನ ಒಂದು ಲೋಟ ಹೆಚ್ಚಿಗೆ ಸುರಿದರೆ, ನಾಳೆ ನೀರು ಬೆರೆಸುತ್ತಾನೆ ಎಂದೇ ಲೆಕ್ಕ.

ಹಳಿಯಾಳದ ಹತ್ತಿರ ಹಳ್ಳಿಯಲ್ಲಿರುವ ನನ್ನ ತಂಗಿ ಹಾಗಲ್ಲ. ಹೊಲದ ಬದುವಿನ ಬಿದಿರು ಸೀಳಿ, ತೂಗುದೀಪಕ್ಕೆ ಮರೆಯಾಗಿ ಹಾಕುವ ಬುಟ್ಟಿ ಹೆಣೆಯುತ್ತಾಳೆ. ಹೋದ ವರ್ಷ ಹೊಸದೊಂದು ಕಂಡುಹಿಡಿದಳು: ಒತ್ತಿದರೆ ಚಪಾತಿಯಂತೆ ಚಪ್ಪಟೆಯಾಗುವ, ಎಳೆದರೆ ಮತ್ತೆ ದುಂಡಗೆ ನಿಲ್ಲುವ ಬುಟ್ಟಿ. ಒಂದೇ ಪೆಟ್ಟಿಗೆಯಲ್ಲಿ ಹತ್ತಾರು ಹಿಡಿಯುತ್ತಿದ್ದವು. ಮೊಬೈಲಿನಲ್ಲಿ ಫೋಟೊ ನೋಡಿದ ಗೋವಾದ ಹೋಟೆಲಿನವರು, ಕ್ರಿಸ್‌ಮಸ್ಸಿನೊಳಗೆ ಎಲ್ಲ ರೂಮುಗಳಿಗೂ ಬೇಕು ಎಂದರು. ಅವಳು ಪಕ್ಕದ ಮನೆಯ ಇಬ್ಬರು ಹೆಂಗಸರನ್ನೂ ಕೆಲಸಕ್ಕೆ ಕರೆದಳು.

ನನಗೆ ಮಾತ್ರ ಗೋವಾ ಗಡಿಯ ಅನಮೋಡದ ಚೆಕ್‌ಪೋಸ್ಟ್ ಕಣ್ಣ ಮುಂದೆ ಬಂತು.

"ಬಿದಿರಿಗೆ ಫಾರೆಸ್ಟಿನವರ ಪಾಸ್ ತಗೊಂಡೀಯೇನು?" ಎಂದೆ.

"ಸ್ವಂತ ಹೊಲದ ಬಿದಿರಿಗೆ ಈಗ ಪಾಸ್ ಬೇಕಿಲ್ಲಂತ ಅಣ್ಣಾ. ಕಾಯ್ದೆ ಬದಲಾಗೇತಿ."

ಬದಲಾಗಿದೆಯಂತೆ! ಸರಕಾರ ತಾನಾಗಿಯೇ ಒಂದು ಕೈ ಸಡಿಲಿಸಿದರೆ ಇನ್ನೊಂದರಲ್ಲಿ ಏನೋ ಹಿಡಿದಿರಬೇಕು. ಅವಳಿಗೆ ಹೇಳದೆ ಅರಣ್ಯ ಇಲಾಖೆಯ ಕಚೇರಿಗೆ ಹೋದೆ. ಗುಮಾಸ್ತ ನಕ್ಕ. ಆ ನಗುವೂ ನನಗೆ ಸರಿಬರಲಿಲ್ಲ.

"ಪಾಸ್ ಏನೂ ಬ್ಯಾಡ್ರೀ, ಆರಾಮ ಒಯ್ರಿ."

"ಬ್ಯಾಡ ಅಂತ ಬರದು ಕೊಡ್ರಿ."

"ಬ್ಯಾಡಾದ್ದನ್ನ ಹೆಂಗ ಬರದು ಕೊಡ್ಲಿರೀ? ಬೇಕಾದ್ರ ಒಂದು ಅರ್ಜಿ ಕೊಟ್ಟು ಹೋಗ್ರಿ."

ಕೊಟ್ಟೆ. ತಂಗಿಯ ಹೆಸರಿನಲ್ಲಿ, ಅವಳ ಪರವಾಗಿ ನಾನೇ ಸಹಿ ಹಾಕಿ. ಅರ್ಜಿಗೆ ನಂಬರು ಬಿತ್ತು, ನಂಬರು ಬಿದ್ದ ಮೇಲೆ ಅದು ಕಡತವಾಯಿತು. ಬಿದಿರು ಯಾವ ಹೊಲದ್ದು, ಕಡಿದವರು ಯಾರು ಎಂದು ಕೇಳಲು ಅದೇ ಅರ್ಜಿ ಹಿಡಿದು ಇಲಾಖೆಯವರೊಬ್ಬರು ಅವಳ ಮನೆಗೇ ಬಂದರು. ಸುದ್ದಿ ಬುಟ್ಟಿಗಳನ್ನು ಗೋವಾಕ್ಕೆ ಒಯ್ಯಬೇಕಿದ್ದ ಬಾಡಿಗೆ ಗಾಡಿಯವನ ಕಿವಿಗೆ ಬಿತ್ತು. "ತನಿಖೆ ನಡದೈತಂತ, ನಾ ಒಲ್ಲೆ" ಎಂದುಬಿಟ್ಟ. ನೋಡು, ನಾನು ಹೇಳಿರಲಿಲ್ಲವೇ ಎಂದು ತಂಗಿಯ ಮುಂದೆ ಬೀಗಿದೆ. ಕ್ರಿಸ್‌ಮಸ್ ಬಂತು, ಹೋಯಿತು. ಹೋಟೆಲಿನವರು ಪ್ಲಾಸ್ಟಿಕ್ಕಿನವನ್ನು ತೂಗುಹಾಕಿಕೊಂಡರು. ಆ ಇಬ್ಬರು ಹೆಂಗಸರು ಕಬ್ಬು ಕಡಿಯಲು ಹೋದರು.

ಉತ್ತರ ಬಂದದ್ದು ಬೇಸಿಗೆಯಲ್ಲಿ. ಒಂದೇ ಸಾಲು: ಅನುಮತಿಯ ಅಗತ್ಯವಿರುವುದಿಲ್ಲ.

ಆಗಲೂ ಕಾಗದವನ್ನು ಬೆಳಕಿಗೆ ಹಿಡಿದು ಸೀಲು ಅಸಲಿಯೋ ಎಂದು ನೋಡಿದೆ. ಆಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಕಾಯ್ದೆ ಯಾವತ್ತೋ ಹೋಗಿತ್ತು. ತಂಗಿಯ ದಾರಿಗೆ ಅಡ್ಡ ನಿಂತದ್ದು ನಾನು.

ಕಾಗದ ಹಿಡಿದುಕೊಂಡು ಅವಳ ಮನೆಗೆ ಹೋದೆ. ಪಡಸಾಲೆಯಲ್ಲಿ ಕೂತು ಬಿದಿರಿನಲ್ಲೇ ಮತ್ತೇನೋ ಹೊಸದನ್ನು ಕಟ್ಟುತ್ತಿದ್ದಳು. ನನ್ನನ್ನು ಕಂಡದ್ದೇ ಗೋಣಿಚೀಲ ಎಳೆದು ಅದರ ಮೇಲೆ ಮುಚ್ಚಿದಳು.

"ಏನದು?" ಎಂದೆ.

"ಏನಿಲ್ಲಣ್ಣಾ. ಬಾ, ಕೂಡು. ಚಹಾ ಮಾಡ್ತೇನಿ" ಎಂದಳು. ಆದರೆ ನಾನು ಹೊರಡುವವರೆಗೂ ಅಲ್ಲಿಂದ ಏಳಲಿಲ್ಲ.